ಉರಿಯೂತ ಅಂದರೆ ಉರಿ ಮತ್ತು ಊತ: ನರ್ಸಿಂಗ್‌ನಲ್ಲಿ ಫೇಲಾದ ನಮ್ಮ ಹುಡುಗಿಯರ ಬಗ್ಗೆ

ಕಳೆದ ವರ್ಷ ಶ್ರಾವಣದ ಒಂದು ರಾತ್ರಿ ಮಲಪನಗುಡಿಯಲ್ಲಿ ಕರೆಂಟು ಹೋಗಿತ್ತು. ಮಾಳಿಗೆ ಮೇಲೆ ಚಿಕ್ಕಪ್ಪನ ಮಗಳು ಮೊಬೈಲ್ ಬೆಳಕಲ್ಲಿ ಒಂದೇ ಸಾಲನ್ನು ಗಟ್ಟಿಯಾಗಿ ಉರು ಹೊಡೆಯುತ್ತಿದ್ದಳು. ಇನ್‌ಫ್ಲಮೇಶನ್ ಎಂಬುದರ ಇಂಗ್ಲಿಷ್ ವ್ಯಾಖ್ಯೆ ಅದು. ಹತ್ತು ಹನ್ನೆರಡು ಸಲ ಕೇಳಿ ನನಗೇ ಬಾಯಿಪಾಠ ಆಗುವ ಹಾಗಿತ್ತು.

"ಹಂಗಂದ್ರೇನವ್ವಾ?" ಅಂದೆ.

ಸುಮ್ಮನಾದಳು. ಆಮೇಲೆ, "ಬರೆಯಾಕ ಬರ್ತೈತಣ್ಣ, ಹೇಳಾಕ ಬರಲ್ಲ" ಅಂದಳು.

"ಹೊಲದಾಗ ಕಾಲಿಗೆ ಜಾಲಿಮುಳ್ಳು ಚುಚ್ಚಿದ್ರೆ ಮರುದಿನ ಏನಾಗ್ತೈತೆ?"

"ಕೆಂಪಗಾಗ್ತೈತೆ. ಮುಟ್ಟಿದ್ರೆ ಬಿಸಿ. ಬಾತುಕೊಂತೈತೆ, ನೋಯ್ತೈತೆ. ಕಾಲು ಊರಾಕಾಗಲ್ಲ."

ರೋಮಿನ ಸೆಲ್ಸಸ್ ಎಂಬಾತ ಸುಮಾರು ಎರಡು ಸಾವಿರ ವರ್ಷದ ಹಿಂದೆ ಬರೆದಿಟ್ಟ ನಾಲ್ಕು ಲಕ್ಷಣಗಳು ಇವೇ: ಕೆಂಪು, ಬಿಸಿ, ಊತ, ನೋವು. ಕಾಲು ಊರಲಾಗದಿರುವುದು, ಅಂದರೆ ಆ ಭಾಗ ಕೆಲಸ ನಿಲ್ಲಿಸುವುದು, ಮುಂದಿನವರು ಸೇರಿಸಿದ ಐದನೆಯ ಲಕ್ಷಣ. ಐದಕ್ಕೆ ಐದೂ ಅವಳಿಗೆ ಗೊತ್ತಿದ್ದವು, ಬಾಲ್ಯದಿಂದಲೂ ಗೊತ್ತಿದ್ದವು. ಕನ್ನಡದಲ್ಲಿ ಇದಕ್ಕೆ ಉರಿಯೂತ ಅಂತಾರೆ ಎಂದು ಹೇಳಿದಾಗ ನಕ್ಕುಬಿಟ್ಟಳು. ಉರಿ, ಊತ. ಉತ್ತರದ ಅರ್ಧ ಆ ಪದದಲ್ಲೇ ಕೂತಿದೆ. ಎರಡು ಸೆಮಿಸ್ಟರ್ ಮುಗಿಸಿದ ಹುಡುಗಿಗೆ ಆ ಪದವನ್ನು ಯಾರೂ ಹೇಳಿರಲಿಲ್ಲ.

ನಾನು ನರ್ಸಿಂಗ್ ಓದಿದವನಲ್ಲ. ನಿಮ್ಮ ಹಾಗೆ ಪತ್ರಿಕೋದ್ಯಮ ಓದಿ ಊರಿಗೆ ಬಂದವನು. ಆದರೆ ಆ ರಾತ್ರಿಯಿಂದ ಈಚೆಗೆ ಅವಳ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಅವಳ ಜೊತೆ ಕೂತು ನೋಡಿದ್ದೇನೆ. ಕಂಪ್ಲಿ, ಸಂಡೂರು, ಕಮಲಾಪುರದಿಂದ ಬಸ್ಸಿಗೆ ಬರುವ ಅವಳ ಗೆಳತಿಯರನ್ನು ಮಾತಾಡಿಸಿದ್ದೇನೆ. ಇಪ್ಪತ್ತು ವರ್ಷ ವಾರ್ಡಿನಲ್ಲಿ ದುಡಿದ ಒಬ್ಬ ಸ್ಟಾಫ್ ನರ್ಸ್ ಅಕ್ಕನ ತಲೆ ತಿಂದಿದ್ದೇನೆ. ಅದರಿಂದ ನನಗೆ ಖಾತ್ರಿಯಾದದ್ದು ಒಂದು: ಈ ಹುಡುಗಿಯರು ಫೇಲಾಗುತ್ತಿರುವುದು ಓದದೆ ಅಲ್ಲ, ಓದುವ ರೀತಿಯಿಂದ. ಆ ರೀತಿಯನ್ನು ಅವರಿಗೆ ಕಲಿಸಿದವರು ನಾವೇ.

ಮೊದಲು ಸ್ಥಿತಿ ಏನೆಂದು ಹೇಳಿಬಿಡುತ್ತೇನೆ. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್‌ಗೆ ಎಂಟು ಸೆಮಿಸ್ಟರ್‌ಗಳ ಹೊಸ ಪಠ್ಯಕ್ರಮ ತಂದಿತು. ಥಿಯರಿಯಲ್ಲೂ ಪ್ರಾಕ್ಟಿಕಲ್‌ನಲ್ಲೂ ಬೇರೆ ಬೇರೆಯಾಗಿ ನೂರಕ್ಕೆ 50 ಬರಬೇಕು. ಫೇಲಾದ ವಿಷಯ ಹೊತ್ತುಕೊಂಡು ಮುಂದಿನ ಸೆಮಿಸ್ಟರ್‌ಗೆ ಹೋಗಬಹುದು, ಆದರೆ ಐದನೇ ಸೆಮಿಸ್ಟರ್ ಪರೀಕ್ಷೆಗೆ ಕೂರುವ ಹೊತ್ತಿಗೆ ಹಿಂದಿನದೆಲ್ಲ ತೀರಿರಬೇಕು. ನಮ್ಮ ಹುಡುಗಿ ಮೊದಲ ಸೆಮಿಸ್ಟರಿನ ಅನಾಟಮಿ-ಫಿಸಿಯಾಲಜಿ ಹೊತ್ತುಕೊಂಡು ಮೂರನೆಯದರಲ್ಲಿ ನಿಂತಿದ್ದಳು. ಅಪ್ಪ ಅಷ್ಟೊತ್ತಿಗೆ ಫೀಸಿಗೆ ಬಾಳೆ ತೋಟದ ಮೇಲೆ ಸಾಲ ಎತ್ತಿದ್ದ. "ಇನ್ನೊಂದ್ಸಲ ಹೋದ್ರೆ ಮದುವಿ ಮಾಡಿಬಿಡಾಣ" ಎಂಬ ಮಾತು ಮನೆಯಲ್ಲಿ ಶುರುವಾಗಿತ್ತು. ಇಲ್ಲಿ ಒಂದು ಪೇಪರ್ ಫೇಲಾಗುವುದೆಂದರೆ ಇಷ್ಟು.

ಈಗ ಓದಿನ ವಿಷಯ. ಅವಳ ಪುಸ್ತಕ ನೋಡಿದರೆ ಹೋಳಿ ಆಡಿದಂತಿತ್ತು: ಹಳದಿ, ಗುಲಾಬಿ, ಹಸಿರು. ಓದಿದ್ದನ್ನೇ ಮತ್ತೆ ಮತ್ತೆ ಓದುವುದು, ಗೆರೆ ಎಳೆಯುವುದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಒಂದೇ ಪಾಠವನ್ನು ಕೆಲವರು ಮತ್ತೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ನೋಡಿದರೆ ತಿರುಗುಮುರುಗು: ಪುಸ್ತಕ ಮುಚ್ಚಿ ಬರೆದವರಿಗೆ ಸುಮಾರು 56 ಭಾಗ ನೆನಪಿತ್ತು, ಮತ್ತೆ ಓದಿದವರಿಗೆ 42. ರಾತ್ರಿ ಎಲ್ಲ ಬರುತ್ತದೆ ಅನ್ನಿಸಿ ಪರೀಕ್ಷೆ ಹಾಲಿನಲ್ಲಿ ಖಾಲಿ ಖಾಲಿ ಅನ್ನಿಸುವುದು ಇದಕ್ಕೇ. ಕಣ್ಣಿಗೆ ಪರಿಚಯವಾದದ್ದು ಕೈಗೆ ಬಂದಿರುವುದಿಲ್ಲ.

ಹಾಗಾಗಿ ನಾವು ಮಾಡಿದ ಮೊದಲ ಕೆಲಸ, ಹೈಲೈಟರ್ ಕಸಿದುಕೊಂಡಿದ್ದು. ಎರಡನೆಯದು, ಅಜ್ಜಿಯನ್ನು ಕೂರಿಸಿದ್ದು. ದಿನಾ ಊಟವಾದ ಮೇಲೆ ಪುಸ್ತಕ ಮುಚ್ಚಿ, ಆ ದಿನದ ಪಾಠವನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು. ಎಲ್ಲಿ ತಡವರಿಸುತ್ತಾಳೋ ಅದೇ ಮರುದಿನ ಓದಬೇಕಾದ ಜಾಗ. ಮೂರು ದಿನ ಬಿಟ್ಟು ಅದನ್ನೇ ಮತ್ತೆ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಅಜ್ಜಿಗೆ ಅಕ್ಷರ ಬಾರದು, ಆದರೆ ಸುಳ್ಳು ಹಿಡಿಯುವುದು ಚೆನ್ನಾಗಿ ಬರುತ್ತದೆ. "ಅದು ಹೆಂಗ?" ಅಂತ ಎರಡು ಸಲ ಕೇಳಿದರೆ ಸಾಕು, ಬಾಯಿಪಾಠದ ಬಣ್ಣ ಬಯಲು.

ಬಿಪಿ ಮಾತ್ರೆ ಪಾಠದ ದಿನ ಒಂದು ತಮಾಷೆ ನಡೆಯಿತು. ಹೆಸರಿನ ಕೊನೆಗೆ 'ಪ್ರಿಲ್' ಇರುವ ಮಾತ್ರೆಗಳು ಒಂದು ಕುಟುಂಬ, ಅವುಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ ಎಂದು ಇವಳು ವಿವರಿಸುತ್ತಿದ್ದಳು. ಅಜ್ಜಿ ಎದ್ದು ಹೋಗಿ ತನ್ನ ಮಾತ್ರೆ ಚೀಟಿ ತಂದಳು. ಎನಲಾಪ್ರಿಲ್! ತಿಂಗಳುಗಟ್ಟಲೆ ಕೆಮ್ಮುತ್ತಿದ್ದ ಅಜ್ಜಿಯನ್ನು ಡಾಕ್ಟರ ಬಳಿ ಕರೆದೊಯ್ದೆವು, ಅವರು ಮಾತ್ರೆ ಬದಲಿಸಿದರು. ಆ ಅಡ್ಡಪರಿಣಾಮವನ್ನು ನಮ್ಮ ಹುಡುಗಿ ಈ ಜನ್ಮದಲ್ಲಿ ಮರೆಯುವುದಿಲ್ಲ. 'ಓಲಾಲ್' ಎಂದು ಮುಗಿಯುವವು ಇನ್ನೊಂದು ಕುಟುಂಬ, ಕೊಡುವ ಮೊದಲು ನಾಡಿ ಎಣಿಸಬೇಕು. ನೂರು ಔಷಧಿಗಳ ಹೆಸರು ಉರು ಹೊಡೆಯುವ ಬದಲು ಹತ್ತು ಬಾಲಗಳನ್ನು ಕಲಿತರೆ ಅರ್ಧ ದಾರಿ ಸವೆದಂತೆ. ಅನಾಟಮಿಯದೂ ಅದೇ ಕಥೆ. 'ಟ್ಯಾಕಿ' ಅಂದರೆ ವೇಗ, 'ಬ್ರಾಡಿ' ಅಂದರೆ ನಿಧಾನ, 'ಐಟಿಸ್' ಬಂತೆಂದರೆ ಅದೇ ಉರಿಯೂತ, 'ಎಕ್ಟಮಿ' ಅಂದರೆ ಕತ್ತರಿಸಿ ತೆಗೆಯುವುದು. ಹಳೆ ಲಗ್ನಪತ್ರಿಕೆಗಳ ಹಿಂದೆ ಒಂದು ಕಡೆ ಇಂಗ್ಲಿಷ್ ತುಂಡು, ಇನ್ನೊಂದು ಕಡೆ ಕನ್ನಡ ಬರೆದು ಬಸ್ಸಿನಲ್ಲಿ ತಿರುವಿಹಾಕುತ್ತಾಳೆ. ಮಲಪನಗುಡಿಯಿಂದ ಹೊಸಪೇಟೆಗೆ ಹೋಗುವ ಹೊತ್ತಿಗೆ ಇಪ್ಪತ್ತು ಚೀಟಿ ಮುಗಿಯುತ್ತವೆ.

ಲೆಕ್ಕ ಅಂದರೆ ಇವರೆಲ್ಲ ಗಡಗಡ ನಡುಗುತ್ತಾರೆ. ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರಿಗೂ ಮೂರು ವರ್ಷದ ಜಿಎನ್ಎಂ ಡಿಪ್ಲೊಮಾ ತೆರೆದಿದೆ, ಅಲ್ಲಂತೂ ಡೋಸ್ ಲೆಕ್ಕ ದೊಡ್ಡ ಭೂತ. ಆದರೆ ಚಿಕ್ಕಪ್ಪ ಬೆನ್ನಿಗೆ ಸ್ಪ್ರೇಯರ್ ಹಾಕಿಕೊಂಡು ದಿನಾ ಮಾಡುವ ಲೆಕ್ಕ ಯಾವುದು? ಲೀಟರಿಗೆ 2 ಎಂಎಲ್ ಔಷಧಿ, ಟ್ಯಾಂಕು 16 ಲೀಟರ್, ಹಾಗಾದರೆ 32 ಎಂಎಲ್. ಮಗುವಿಗೆ 200 ಮಿಲಿಗ್ರಾಂ ಕೊಡಬೇಕು, ಸಿರಪ್ಪಿನ 5 ಎಂಎಲ್‌ನಲ್ಲಿ 125 ಮಿಲಿಗ್ರಾಂ ಇದೆ. ಬೇಕಾದದ್ದನ್ನು ಇರುವುದರಿಂದ ಭಾಗಿಸಿ 5ರಿಂದ ಗುಣಿಸಿದರೆ 8 ಎಂಎಲ್. ಸಲೈನಿನದು ನಮ್ಮ ತೋಟದ ಡ್ರಿಪ್ ಲೆಕ್ಕವೇ. 1000 ಎಂಎಲ್ ಎಂಟು ಗಂಟೆಯಲ್ಲಿ ಹೋಗಬೇಕು, ಸೆಟ್ಟಿನ ಪೊಟ್ಟಣದ ಮೇಲೆ ಎಂಎಲ್‌ಗೆ 20 ಹನಿ ಎಂದು ಬರೆದಿದೆ. ಒಟ್ಟು 20,000 ಹನಿ, 480 ನಿಮಿಷ, ನಿಮಿಷಕ್ಕೆ ಸುಮಾರು 42 ಹನಿ. ಇದನ್ನು ಚಿಕ್ಕಪ್ಪನೇ ಅವಳಿಗೆ ಹೇಳಿಕೊಟ್ಟ. ಮದುವೆ ಮಾತು ಆ ವಾರ ಸ್ವಲ್ಪ ತಣ್ಣಗಾಯಿತು ಎಂಬುದು ನನ್ನ ಗುಮಾನಿ. ಇದರಲ್ಲಿ ತಪ್ಪಿದರೆ ಹೋಗುವುದು ಬರೀ ಅಂಕವಲ್ಲ, ಎದುರಿಗೆ ಮಲಗಿರುವ ಮಗು ಎಂದು ಸ್ಟಾಫ್ ನರ್ಸ್ ಅಕ್ಕ ಗದರಿದ್ದು ಬೇರೆ.

ಆ ಅಕ್ಕ ಕೇಳಿದ ಒಂದು ಪ್ರಶ್ನೆ ನನ್ನನ್ನೂ ಬೀಳಿಸಿತು. ನಾಲ್ವರು ರೋಗಿಗಳು. ಆಪರೇಷನ್ ಆದವನು ನೋವಿನ ಮಾತ್ರೆಗೆ ಕೂಗುತ್ತಿದ್ದಾನೆ. ಸಕ್ಕರೆ ಕಾಯಿಲೆಯವಳು ಊಟ ತಡವಾಯಿತೆಂದು ಗೊಣಗುತ್ತಿದ್ದಾಳೆ. ಒಬ್ಬನಿಗೆ 101 ಡಿಗ್ರಿ ಜ್ವರ. ನಾಲ್ಕನೆಯವನು ಬೆಳಿಗ್ಗೆಯಿಂದ ಗೊರಗೊರ ಅನ್ನುತ್ತಿದ್ದ ಅಸ್ತಮಾ ರೋಗಿ. ಈಗ ಸದ್ದು ನಿಂತಿದೆ, ಮಂಪರಿನಲ್ಲಿದ್ದಾನೆ. ಮೊದಲು ಯಾರ ಹತ್ತಿರ ಹೋಗುತ್ತೀರಿ? ನಾವಿಬ್ಬರೂ ಕೂಗುವವನನ್ನು ಆರಿಸಿದೆವು. "ಕೂಗೋನು ಉಸಿರಾಡ್ತಾ ಇದಾನೆ. ಸುಮ್ಮನಾದೋನ ಕಡೆ ಓಡಬೇಕು" ಅಂದರು ಅಕ್ಕ. ಗಾಳಿ ಒಳಗೆ ಹೋಗುವುದೇ ನಿಂತಾಗ ಗೊರಗೊರವೂ ನಿಲ್ಲುತ್ತದಂತೆ. ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ, ಉಳಿದದ್ದೆಲ್ಲ ನಂತರ. ಇಂಥ ಪ್ರಶ್ನೆಯಲ್ಲಿ ನಾಲ್ಕೂ ಉತ್ತರ ಸರಿಯಾಗಿಯೇ ಕಾಣುತ್ತವೆ, ಯಾವುದು ಮೊದಲು ಎಂಬುದಷ್ಟೇ ಪರೀಕ್ಷೆ. ಯಾವ ಗೆಸ್ ಪೇಪರಿನಿಂದಲೂ ಇದು ಬರುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಯನ್ನು ಜ್ಯೋತಿಷ್ಯಕ್ಕೆ ಬಳಸುವವರೇ ಹೆಚ್ಚು. ಗಡಿಯಾರ ಇಟ್ಟುಕೊಂಡು ಕೂತು ಬರೆಯುವುದಕ್ಕೆ ಅದನ್ನು ಬಳಸಿ.

ಗಡಿಯಾರ ಅಂದೆನಲ್ಲ, ನಮ್ಮ ಹುಡುಗಿ ಮೊದಲ ಸಲ ಮುಗ್ಗರಿಸಿದ್ದು ಅಲ್ಲಿಯೇ. ಅನಾಟಮಿ, ಫಿಸಿಯಾಲಜಿ ಎರಡೂ ಒಂದೇ ಪ್ರಶ್ನೆಪತ್ರಿಕೆಯ ಎರಡು ಭಾಗಗಳು. ಗೊತ್ತಿದ್ದ ಹೃದಯದ ರಚನೆಯನ್ನು ಬಣ್ಣದ ಪೆನ್ಸಿಲ್ ಹಿಡಿದು ಮುಕ್ಕಾಲು ಗಂಟೆ ಬರೆದಿದ್ದಾಳೆ, ಕೊನೆಗೆ ಫಿಸಿಯಾಲಜಿಯ ಚಿಕ್ಕ ಪ್ರಶ್ನೆಗಳೆಲ್ಲ ಖಾಲಿ. 75 ಅಂಕಕ್ಕೆ ಮೂರು ಗಂಟೆ, ಅಂದರೆ ಅಂಕಕ್ಕೆ ಎರಡೂವರೆ ನಿಮಿಷವೂ ಪೂರ್ತಿ ಇಲ್ಲ. ಹತ್ತು ಅಂಕದ್ದಕ್ಕೆ 24 ನಿಮಿಷ, ಐದರದ್ದಕ್ಕೆ 12, ಎರಡರದ್ದಕ್ಕೆ ಐದರೊಳಗೆ. ಹೊತ್ತು ಮೀರಿದರೆ ಎರಡು ಸಾಲು ಜಾಗ ಬಿಟ್ಟು ಮುಂದೆ ಹೋಗಬೇಕು. ಇಷ್ಟು ಸಣ್ಣ ಲೆಕ್ಕವನ್ನು ಅವಳಿಗೆ ಒಂದು ವರ್ಷ ಯಾರೂ ಹೇಳಿಕೊಟ್ಟಿರಲಿಲ್ಲ. ಕಾಲೇಜಿನಲ್ಲಿ ಸಿಕ್ಕ ಸಲಹೆ, "ಚೆನ್ನಾಗಿ ಬೈಹಾರ್ಟ್ ಮಾಡ್ರಿ." ನೋಡಿದ ಉತ್ತರಪತ್ರಿಕೆ ತೋರಿಸಿ ಎಲ್ಲಿ ಅಂಕ ಹೋಯಿತೆಂದು ಹೇಳುವುದು ಮೇಷ್ಟರ ಕೆಲಸವಲ್ಲವೇ? ಒಳಪರೀಕ್ಷೆಗಳಿರುವುದಾದರೂ ಮತ್ತೇತಕ್ಕೆ?

ಇನ್ನು ಭಾಷೆಯ ಜಗಳ. "ಇಂಗ್ಲಿಷ್ ಬರದವರು ಈ ಕೋರ್ಸಿಗೆ ಯಾಕೆ ಬರಬೇಕು" ಎಂದು ಕೇಳುವವರನ್ನು ನಾನು ಬಹಳ ಕಂಡಿದ್ದೇನೆ. ಇಂಗ್ಲಿಷ್ ಬೇಡ ಎಂದು ನಾನು ಹೇಳುವುದಿಲ್ಲ. ಔಷಧಿ ಚೀಟಿ, ಕೇಸ್ ಶೀಟು ಎಲ್ಲ ಇಂಗ್ಲಿಷೇ, ನಾಳೆ ಬೆಂಗಳೂರಿಗೋ ಗಲ್ಫಿಗೋ ಹೋಗುವ ಹುಡುಗಿಗೆ ಅದು ಅನ್ನ. ಮಧ್ಯಪ್ರದೇಶ 2022ರಲ್ಲಿ ಹಿಂದಿಯಲ್ಲಿ ಎಂಬಿಬಿಎಸ್ ಪುಸ್ತಕ ತಂದಂತೆ ನಾವೂ ತರೋಣ ಎಂಬ ಉತ್ಸಾಹವೂ ನನಗಿಲ್ಲ. ನಾನು ಕೇಳುವುದು ಇಷ್ಟೇ: ಅರ್ಥ ಕನ್ನಡದಲ್ಲಿ ಆಗಲಿ, ಉತ್ತರ ಇಂಗ್ಲಿಷಿನಲ್ಲಿ ಬರಲಿ. ಪಾಠದ ಮೊದಲ ಹತ್ತು ನಿಮಿಷ ಕನ್ನಡದಲ್ಲಿ ವಿಷಯ ಹೇಳಿದರೆ ಯಾವ ನಿಯಮವೂ ಮುರಿಯುವುದಿಲ್ಲ. ಸಾಮಗ್ರಿ ಇಲ್ಲವೆನ್ನುವ ಹಾಗಿಲ್ಲ. ಅನುಪಮಾ ನಿರಂಜನರ 'ತಾಯಿ-ಮಗು' ಓದಿದವರಿಗೆ ಬಸಿರು ಬಾಣಂತನದ ಪಾಠ ಹೊಸದೆನಿಸದು, ಮನೋರೋಗಗಳ ಬಗ್ಗೆ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ಬರೆದದ್ದು ಒಂದು ಕಪಾಟಿನಷ್ಟಿದೆ. ನಮ್ಮ ನರ್ಸಿಂಗ್ ಕಾಲೇಜುಗಳ ಲೈಬ್ರರಿಗಳಲ್ಲಿ ಇವು ಎಷ್ಟಿವೆ, ಹೋಗಿ ನೋಡಿ ಬರೆಯಿರಿ. ನಮ್ಮ ಬಳಗದವರಿಗೆ ಇದೊಂದು ಒಳ್ಳೆಯ ವರದಿ.

ಮತ್ತೊಂದು ಮಾತಿದೆ. ವಾರ್ಡಿಗೆ ಬರುವ ರೋಗಿ ಎಂದಾದರೂ ಇಂಗ್ಲಿಷಿನಲ್ಲಿ ನರಳುತ್ತಾನೆಯೇ? ಜನ ಈಗಲೂ ವಿಮ್ಸ್ ಅಂತಲೇ ಕರೆಯುವ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ನಮ್ಮ ಸುತ್ತಲಿನವರೆಲ್ಲ ಹೋಗುತ್ತಾರೆ. "ಎದಿ ಹಿಡದಂಗಾಗ್ತೈತೆ", "ಕಣ್ಣು ಕತ್ತಲಿಟ್ಟು ಬರ್ತೈತೆ", "ಕೈಕಾಲು ಜೋಮು ಹಿಡಿದೈತೆ" ಅಂತಾರೆ. ಸಂಡೂರಿನ ತಾಂಡಾಗಳವರು ಲಂಬಾಣಿಯಲ್ಲಿ ಹೇಳುತ್ತಾರೆ. ಇದರಲ್ಲಿ ಯಾವುದು ತಕ್ಷಣ ಓಡಬೇಕಾದದ್ದು ಎಂದು ಗೊತ್ತಾಗುವುದು ಆ ಮಾತನ್ನು ಮನೆಯಲ್ಲಿ ಕೇಳಿ ಬೆಳೆದವಳಿಗೆ. ಯಾವಳನ್ನು ನಾವು ಮೊದಲ ಸೆಮಿಸ್ಟರಿನಲ್ಲೇ ಫೇಲು ಮಾಡಿ ಮನೆಗೆ ಕಳಿಸುತ್ತಿದ್ದೇವೋ ಅವಳಿಗೆ.

ಕೊನೆಗೆ ಏನಾಯಿತೆಂದು ಕೇಳುತ್ತೀರಿ. ಅನಾಟಮಿ-ಫಿಸಿಯಾಲಜಿ ದಾಟಿತು, ದೊಡ್ಡ ಅಂಕವೇನಲ್ಲ. ಮೂರನೇ ಸೆಮಿಸ್ಟರಿನಲ್ಲಿ ಮೈಕ್ರೋಬಯಾಲಜಿ ಕೈಕೊಟ್ಟಿದೆ. ಅದಕ್ಕೆ ಮತ್ತೆ ಕಟ್ಟಿದ್ದಾಳೆ, ಐದನೆಯದರ ಬಾಗಿಲು ಹತ್ತಿರ ಬರುತ್ತಿದೆ. ಈ ಸಲ ನೈಟ್ ಡ್ಯೂಟಿ ಮಾಡಿ ಬಂದ ಬೆಳಿಗ್ಗೆ ಓದಬೇಡ, ಮಲಗು ಎಂದು ಗದರುವ ಕೆಲಸ ನನ್ನದು. ರಾತ್ರಿ ಊಟದ ತಟ್ಟೆ ಎತ್ತಿದ ಮೇಲೆ ಅಜ್ಜಿ ತಾನೇ ಗೋಡೆಗೆ ಒರಗಿ ಕೂತು ಕರೆಯುತ್ತಾಳೆ: "ಬಾರವ್ವಾ, ಇವತ್ತು ಯಾವ ರೋಗ?"