ಅಭಿಮಾನವೇ ಪರವಾನಗಿಯಲ್ಲ

‘ದುಡ್ಡು ಮಾಡದಿದ್ದರೆ ಕೇಸಿಲ್ಲ; ಪುತ್ತೂರು, ಸುಳ್ಯ, ಕಡಬದ ಹುಡುಗರು ಕಾರಂತರ ಕಾದಂಬರಿಗಳನ್ನು ಧೈರ್ಯವಾಗಿ ಮೊಬೈಲ್ ಗೇಮ್ ಮಾಡಲಿ’ ಎಂಬ ಲೇಖನದ ಉತ್ಸಾಹ ಒಪ್ಪತಕ್ಕದ್ದೇ; ಸಲಹೆ ಮಾತ್ರ ಅಪಾಯಕಾರಿ.

ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು ತೀರಿಕೊಂಡದ್ದು 1997ರಲ್ಲಿ. ಅವರ ಕೃತಿಗಳ ಹಕ್ಕುಸ್ವಾಮ್ಯ 2057ರ ಕೊನೆಯವರೆಗೆ ಇದೆ. ಅವರ ಯಕ್ಷಗಾನ ಪ್ರಯೋಗಗಳ ಬಗ್ಗೆಯೇ ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿತ್ತು. 2001ರಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಆಡಿಸಿದ ಮಣಿಪಾಲದ ಅಕಾಡೆಮಿಯ ಮೇಲೆ ಕಾರಂತರ ಉಯಿಲಿನ ಹಕ್ಕುದಾರರು ದಾವೆ ಹೂಡಿದರು. 2009ರ ತೀರ್ಪು ಅವರ ಹಕ್ಕನ್ನು ಎತ್ತಿಹಿಡಿದು, ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 52ರ ವಿನಾಯಿತಿಗಳಿಗೆ ಜಾಗ ಬಿಟ್ಟಿತು. ಅಭಿಮನ್ಯುವಿನ ಕಥೆ ಯಾರ ಸ್ವತ್ತೂ ಅಲ್ಲ. ಕಾರಂತರು ಅದಕ್ಕೆ ಕೊಟ್ಟ ರೂಪ ಮಾತ್ರ ಸ್ವತ್ತು.

ಆ ಲೇಖನ ಬರೆದವರು ನೆಚ್ಚಿದ ವಿನಾಯಿತಿ ಹವ್ಯಾಸಿ ತಂಡ ಟಿಕೆಟ್ಟಿಲ್ಲದೆ ಆಡುವ ಪ್ರದರ್ಶನಕ್ಕೆ. ಗೇಮ್ ಹಾಗಲ್ಲ: ಅದು ರೂಪಾಂತರ, ಪ್ರತಿ, ಜಗತ್ತಿಗೇ ಹಂಚಿಕೆ. ತಿಳಿದೂ ಉಲ್ಲಂಘಿಸಿದರೆ ಸೆಕ್ಷನ್ 63ರಡಿ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ ಎರಡು ಲಕ್ಷ ರೂಪಾಯಿ ದಂಡ. ವ್ಯಾಪಾರದ ಲಾಭವಿಲ್ಲದಿದ್ದರೆ ಶಿಕ್ಷೆ ಇಳಿಸಬಹುದು, ಅಷ್ಟೇ, ತಪ್ಪು ಅಳಿಯುವುದಿಲ್ಲ.

ಹುಡುಗರಿಗೆ ವಸ್ತುವಿನ ಬರವೇ? ಪಡುಮಲೆಯಿಂದ ಎಣ್ಮೂರಿನವರೆಗೆ ಕೋಟಿ ಚೆನ್ನಯರ ಕಥೆ ಹಬ್ಬಿದೆ. ಆ ಕಥೆಯ ಸಿನಿಮಾದ ದೃಶ್ಯ, ಸಂಗೀತ ಕದಿಯದೆ ಜನಪದದಿಂದಲೇ ಕಟ್ಟಲಿ. ಕಾರಂತರೇ ಬೇಕೆಂದರೆ ಕೋಡಿಂಗ್‌ಗೆ ಮುಂಚೆ ಲಿಖಿತ ಅನುಮತಿ ಪಡೆಯಲಿ.