ಆ್ಯಪಿನ ಕತ್ತರಿಗೆ ಸಿಕ್ಕ ಅಜ್ಜಿ

ಹೋದ ವರ್ಷ ಒಂದು ಗ್ರಾಮಸಭೆಯ ವಿಡಿಯೊ ಮಾಡಿ ಕಳಿಸಿದ್ದೆ. ಎಡಕ್ಕೆ ಪಿಡಿಒ. ಬಲಕ್ಕೆ ಜಾಬ್ ಕಾರ್ಡ್ ಹಿಡಿದು, ನರೇಗಾ ಕೂಲಿ ಯಾಕೆ ಬಂದಿಲ್ಲ ಎಂದು ಕೇಳುತ್ತಿದ್ದ ಅಜ್ಜಿ. ಇಬ್ಬರೂ ಕಾಣಲಿ ಎಂದೇ ಫೋನ್ ಅಡ್ಡ ಹಿಡಿದು ತೆಗೆದಿದ್ದೆ. ಸುದ್ದಿ ಆ್ಯಪಿನಲ್ಲಿ ಬಂದಾಗ ಉಳಿದದ್ದು ನಡುವಿನ ಮೇಜು, ಅದರ ಮೇಲಿನ ನೀರಿನ ಬಾಟಲಿ. ಅಜ್ಜಿಯ ದನಿ ಇತ್ತು, ಅಜ್ಜಿ ಇರಲಿಲ್ಲ.

'ಈಗ ಎಲ್ರೂ ಫೋನ್ ನೆಟ್ಟಗೆ ಹಿಡಿದೇ ನೋಡೋದು' ಎಂದರು ಡೆಸ್ಕಿನವರು. ನೋಡಲಿ. ಆದರೆ 16:9ರ ಅಡ್ಡ ಚಿತ್ರವನ್ನು ಕತ್ತರಿಸಿ 9:16ರ ಪರದೆ ತುಂಬಿಸಿದರೆ ಉಳಿಯುವುದು ಶೇ 32ಕ್ಕೂ ಕಡಿಮೆ. ಮೂರರಲ್ಲಿ ಎರಡು ಪಾಲು ಕಸಕ್ಕೆ. ಬರೆದ ಸುದ್ದಿಯಲ್ಲಿ ಇಷ್ಟು ಹೊಡೆದು ಹಾಕಿ 'ಪೂರ್ತಿ ಇದೆ' ಎಂದರೆ ಒಪ್ಪುತ್ತೀರಾ? ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಇಡೀ ಚಿತ್ರ ತೋರಿಸಬಹುದು. ಅಂದ ಕೆಡುತ್ತದಂತೆ!

ಸರಿ, ದೊಡ್ಡದಾಗಿ ನೋಡೋಣ ಎಂದು ಫೋನ್ ತಿರುಗಿಸಿದರೆ ವಿಡಿಯೊ ಮತ್ತೆ ಮೊದಲಿನಿಂದ ಶುರು. ಫೋನ್ ತಿರುಗಿದಾಗ ಆಂಡ್ರಾಯ್ಡ್ ಸಾಮಾನ್ಯವಾಗಿ ಆ ಪರದೆಯನ್ನು ಕೆಡವಿ ಹೊಸದಾಗಿ ಕಟ್ಟುತ್ತದೆ. ಎಷ್ಟನೇ ಸೆಕೆಂಡಿನಲ್ಲಿತ್ತು ಎಂದು ನೆನಪಿಟ್ಟುಕೊಳ್ಳುವುದು ಆ್ಯಪ್ ಮಾಡಿದವರ ಕೆಲಸ. ಇದೇನು ಹೊಸ ವಿದ್ಯೆಯಲ್ಲ. ಅವರ ಸೋಮಾರಿತನಕ್ಕೆ ದಂಡ ಕಟ್ಟುವವರು ನಾವು.

ದಂಡ ಎಷ್ಟು? ಸೆಕೆಂಡಿಗೆ 2 ಮೆಗಾಬಿಟ್‌ನ ವಿಡಿಯೊ ನಿಮಿಷಕ್ಕೆ 15 ಎಂಬಿ ತಿನ್ನುತ್ತದೆ. 300 ಕಿಲೊಬಿಟ್‌ಗೆ ಇಳಿಸಿದರೆ ಎರಡೂಕಾಲು ಎಂಬಿ. ಸಿಗ್ನಲ್ ನೋಡಿ ಗುಣಮಟ್ಟ ಏರಿಸಿ ಇಳಿಸುವ ವ್ಯವಸ್ಥೆ ಯೂಟ್ಯೂಬ್‌ನಲ್ಲಿ ವರ್ಷಗಳಿಂದ ಇದೆ, ಬೇಕೆಂದರೆ 144ಪಿ ಆರಿಸಿಕೊಳ್ಳಬಹುದು. ನಾನು ಸುದ್ದಿ ಕಳಿಸುವ ಆ್ಯಪಿನಲ್ಲಿ ಅಂಥ ಆಯ್ಕೆಯೇ ಇಲ್ಲ. ಮುಟ್ಟದಿದ್ದರೂ ವಿಡಿಯೊ ತಾನಾಗಿ ಓಡುತ್ತದೆ.

'ಡೇಟಾ ಅಗ್ಗ ಬಿಡ್ರಿ' ಎನ್ನುವವರು ಒಮ್ಮೆ ಹಳ್ಳಿಗೆ ಬರಲಿ. ಮನೆಗೊಂದೇ ಫೋನ್. ದಿನದ ಕೋಟಾ ಮುಗಿದರೆ ಎಷ್ಟೋ ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಬೀಳುತ್ತದೆ. ಆಮೇಲೆ ಮಗಳ ಪಾಠವೂ ಇಲ್ಲ, ಮಾರುಕಟ್ಟೆ ದರವೂ ಇಲ್ಲ.

ನಾವು ಕೇಳುವುದು ಮೂರೇ: ಇಡೀ ಚಿತ್ರ ತೋರಿಸಿ, ನಿಂತಲ್ಲಿಂದಲೇ ಮುಂದುವರಿಸಿ, ಮುಟ್ಟುವವರೆಗೆ ಓಡಿಸಬೇಡಿ. ಓದುಗರೇ, ಸೆಟ್ಟಿಂಗ್ಸ್‌ನಲ್ಲಿ ಆಟೊಪ್ಲೇ ಇದ್ದರೆ ಇವತ್ತೇ ಆಫ್ ಮಾಡಿ. ಇಲ್ಲದಿದ್ದರೆ ಪ್ಲೇ ಸ್ಟೋರ್‌ನಲ್ಲಿ ಆ ಆ್ಯಪಿನ ಕೆಳಗೆ ಈ ಮೂರನ್ನೂ ಕನ್ನಡದಲ್ಲೇ ಬರೆಯಿರಿ.

ವಿಡಿಯೊ ನೋಡಿದ ಅಜ್ಜಿ ಕೇಳಿದ್ದು ಒಂದೇ ಮಾತು: 'ನಾನೆಲ್ಲಿದ್ದೀನಪ್ಪಾ ಇದ್ರಾಗೆ?' ನನ್ನ ಬಳಿ ಉತ್ತರವಿರಲಿಲ್ಲ. ಆ್ಯಪಿನವರು ಕೊಡಲಿ.