ನಮ್ಮ ಕಿವಿಗೆ ಕುಣುಕ್ಕು



ಈ ತಿಂಗಳು ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸಬೇಕಾಗಿದೆ. ಇಸ್ಪೀಟೆಲೆ ಮುಟ್ಟಿದವನ ಕೈಗೆ ಪುಸ್ತಕ ಹತ್ತುವುದಿಲ್ಲವೆಂದು ಶಾಲೆಯ ಪ್ರಾರ್ಥನಾ ಸಭೆಯಲ್ಲಿ ಮೂವತ್ತು ವರ್ಷ ಬೋಧಿಸಿದ ನಾವು, 2025ರ ಓಣಂ ಮುಗಿದ ಭಾನುವಾರ ಕುಮಳಿಯಿಂದಾಚೆಗಿನ ಒಂದು ವಾಚನಾಲಯದ ವಾರ್ಷಿಕೋತ್ಸವದಲ್ಲಿ ಇಪ್ಪತ್ತೆಂಟರ ಪಂದ್ಯಕ್ಕೆ ಕುಳಿತೆವು. ಕುಳಿತದ್ದಷ್ಟೇ ಅಲ್ಲ, ಸೋತು ಬಂದೆವು.

ಆದದ್ದು ಹೀಗೆ. ನಮ್ಮ ಭಾವಮೈದುನರು ಆ ಕಡೆಯ ಏಲಕ್ಕಿ ತೋಟದಲ್ಲಿ ಲೆಕ್ಕ ಬರೆಯುವವರು. ಅವರ ಜೊತೆಗಾರನಿಗೆ ಜ್ವರ ಬಂದಿತ್ತು. "ಭಾವಾ, ಜೋಡಿಗೆ ಇನ್ನೂರು ರೂಪಾಯಿ ಕಟ್ಟಿಬಿಟ್ಟಿದ್ದೇನೆ, ನೀವೇ ಬರಬೇಕು" ಎಂದು ಹಿಂದಿನ ರಾತ್ರಿ ಒತ್ತಾಯಿಸಿದರು. ಮೊದಲ ಬಹುಮಾನ ಒಂದು ಆಡು, ಎರಡನೆಯದು ಬಾಳೆಗೊನೆ, ಮೂರನೆಯದು ಹುಂಜ. ಶಿಕ್ಷಕರ ತರಬೇತಿಯ ಕಾಲದಲ್ಲಿ ವಸತಿಗೃಹದ ಗೆಳೆಯರಿಂದ ಕಲಿತ ಆಟವಾದುದರಿಂದ ನಮಗೂ ಒಳಗೊಳಗೆ ಆಸೆ ಇತ್ತೆಂಬುದನ್ನು ಮುಚ್ಚಿಡಲಾರೆವು. ಬೆಳಿಗ್ಗೆ ಲೋಯರ್ ಕ್ಯಾಂಪ್ ದಾಟಿ, ಪೆರಿಯಾರ್ ನೀರಿನ ದೊಡ್ಡ ಕೊಳವೆಗಳನ್ನು ನೋಡುತ್ತ ಜೀಪಿನಲ್ಲಿ ಘಟ್ಟ ಹತ್ತಿದೆವು.

ಆಟವನ್ನರಿಯದವರಿಗಾಗಿ ಎರಡು ಮಾತು. ನಾಲ್ವರು ಆಡುವ ಆಟ. ಎದುರುಬದುರು ಕುಳಿತವರು ಜೊತೆಗಾರರು. ಬಣ್ಣಕ್ಕೆ ಎಂಟರಂತೆ ಮೂವತ್ತೆರಡು ಎಲೆ. ಇಲ್ಲಿ ರಾಜನಿಗೂ ರಾಣಿಗೂ ಬೆಲೆಯಿಲ್ಲ; ಗುಲಾಮನೇ ದೊಡ್ಡವನು, ಅವನಿಗೆ ಮೂರು ಅಂಕ. ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಬಣ್ಣಕ್ಕೆ ಏಳರಂತೆ ಒಟ್ಟು ಇಪ್ಪತ್ತೆಂಟು. ಮೊದಲ ನಾಲ್ಕು ಎಲೆ ಕೈಗೆ ಬಂದೊಡನೆ ಹದಿನಾಲ್ಕರಿಂದ ಸವಾಲು ಏರುತ್ತದೆ. ಹೆಚ್ಚು ಕೂಗಿದವನು ತುರುಫಿನ ಎಲೆಯನ್ನು ಮಗುಚಿ ಇಡುತ್ತಾನೆ. ಆಮೇಲೆ ಉಳಿದ ನಾಲ್ಕು ಎಲೆ. ಅಂದರೆ ಅರ್ಧ ಕೈ ನೋಡಿ ಪೂರ್ತಿ ಮಾತು ಕೊಡಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು ಬಗೆಬಗೆಯ ಗಂಜೀಫ ಆಟಗಳನ್ನು ರೂಪಿಸಿದ ನಾಡಿನ ಮಾತನ್ನಾಡುವ ನಮಗೆ ಎಲೆಯಾಟ ಹೊಸದೇನಲ್ಲ; ಆದರೆ ಗುಲಾಮನು ರಾಜನನ್ನು ಹೊಡೆಯುವ ಈ ಆಟದ ಸೊಗಸೇ ಬೇರೆ.

ಜೊತೆಗಾರರು ಪರಸ್ಪರ ಸೂಚನೆ ಕೊಡಬಾರದೆಂಬುದು ನಿಯಮ. ನಾವಿಬ್ಬರೂ ಕನ್ನಡದಲ್ಲಿ ಮಾತನಾಡುವುದನ್ನು ಕೇಳಿದ ತೀರ್ಪುಗಾರರು, "ಮಾಷೇ, ಮನೆಯ ಮಾತು ಮನೆಯಲ್ಲೇ ಇರಲಿ" ಎಂದು ಮೊದಲೇ ಎಚ್ಚರಿಸಿದರು. ಕಂಬಂ ಕಣಿವೆಯಲ್ಲಿ ಯಾರ ಗಮನಕ್ಕೂ ಬಾರದ ನಮ್ಮ ನುಡಿಗೆ ಅಷ್ಟು ಭಯಭಕ್ತಿ ದೊರೆತದ್ದು ಅಂದೇ ಮೊದಲು.

ಎರಡು ಸುತ್ತು ಗೆದ್ದೆವು. ಮೂರನೆಯದರಲ್ಲಿ ಆಟೀನಿನ ಗುಲಾಮ, ಒಂಬತ್ತು, ಎಕ್ಕ ಮೂರೂ ಒಟ್ಟಿಗೆ ಕೈಗೆ ಬಂದವು. ಭಾವಮೈದುನರು ಆಗಲೇ "ಪಾಸ್" ಎಂದು ತಮ್ಮ ಕೈ ಬರಿದೆಂದು ತಿಳಿಸಿದ್ದರು. ನಾವು ಕಿವಿಗೊಡಲಿಲ್ಲ, ಇಪ್ಪತ್ತು ಎಂದು ಕೂಗಿದೆವು. ಎದುರಿಗಿರುವವರು ಕೇಳಬೇಕು, ತಾನು ಹೇಳಬೇಕು ಎಂಬ ಮೂವತ್ತು ವರ್ಷದ ಅಭ್ಯಾಸ! ಉಳಿದ ನಾಲ್ಕರಲ್ಲಿ ಬಂದದ್ದು ಬೆಲೆಯಿಲ್ಲದ ರಾಜರಾಣಿಯರು. ಹದಿನೇಳಕ್ಕೆ ನಿಂತೆವು.

ಸೋತವರ ಕಿವಿಗೆ ಕುಣುಕ್ಕು ತೂಗಿಸುವುದು ಅಲ್ಲಿಯ ವಾಡಿಕೆ. ಕುಣುಕ್ಕೆಂದರೆ ಹಿಂದೆ ಕೇರಳದ ಅಜ್ಜಿಯರು ಧರಿಸುತ್ತಿದ್ದ ಕಿವಿಯಾಭರಣ. ನಮಗೆ ದೊರೆತದ್ದು ಬಟ್ಟೆ ಒಣಹಾಕುವ ಕ್ಲಿಪ್ಪು. ತೋಟದ ಕೆಲಸಕ್ಕೆ ಹೋಗಿ ನೆಲೆಸಿದ ನಮ್ಮ ಕಡೆಯವರೂ ಅಲ್ಲಿದ್ದರು. ಹೆಡ್‌ಮಾಸ್ಟರರ ಕಿವಿಯಲ್ಲಿ ಕ್ಲಿಪ್ಪು ಕಂಡು ಮಕ್ಕಳು ನಕ್ಕ ನಗೆ ಇನ್ನೂ ಕೇಳಿಸುತ್ತಿದೆ. ನಾವೂ ನಕ್ಕೆವು.

ನಗದಿದ್ದವನು ಒಬ್ಬನೇ. ನಮ್ಮ ಹಳೆಯ ವಿದ್ಯಾರ್ಥಿ. ಲೆಕ್ಕದಲ್ಲಿ ಬಹು ಚುರುಕು. ಚಹಾದ ಹೊತ್ತಿಗೆ ಬಳಿಬಂದು ತಗ್ಗಿದ ಧ್ವನಿಯಲ್ಲಿ ಹೇಳಿದ: "ಸಾರ್, ನೀವು ಸೋತದ್ದು ಎಲ್ಲರಿಗೂ ಕಂಡಿತು. ನಾನು ಸೋತದ್ದು ಯಾರಿಗೂ ಕಾಣಲಿಲ್ಲ."

ಫೋನಿನ ರಮ್ಮಿ. ಮೊದಲು ಐವತ್ತು ರೂಪಾಯಿಯ ಪಂದ್ಯಗಳು; ಒಮ್ಮೆ ಆರು ಸಾವಿರ ಗೆಲುವು; ಆಮೇಲೆ ಒಂದು ಲಕ್ಷ ನಲವತ್ತು ಸಾವಿರ ಸಾಲ. ಹೆಂಡತಿಯ ಬಳೆ ಅಡವಿನಲ್ಲಿದೆ. ತಂಗಿಯ ಮನೆಯಲ್ಲಿ ಭದ್ರವಾಗಿದೆಯೆಂದು ಆಕೆಯನ್ನು ನಂಬಿಸಿದ್ದ. "ಆಟ ಹೋದ ತಿಂಗಳು ನಿಂತಿತು ಸಾರ್; ಬಡ್ಡಿ ನಿಂತಿಲ್ಲ."

ರಮ್ಮಿಯು ಪ್ರಧಾನವಾಗಿ ಕುಶಲತೆಯ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ಹೇಳಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಹಿಡಿಯುವುದನ್ನೂ ಬಿಡುವುದನ್ನೂ ಅರಿಯಬೇಕು ಎಂಬುದು ಕಾರಣ. ತಮಿಳುನಾಡಿನ ಆನ್‌ಲೈನ್ ಜೂಜಿನ ಕಾನೂನನ್ನು 2023ರ ನವೆಂಬರಿನಲ್ಲಿ ಪರಿಶೀಲಿಸಿದ ಮದರಾಸು ಉಚ್ಚ ನ್ಯಾಯಾಲಯವೂ ರಮ್ಮಿ ಮತ್ತು ಪೋಕರ್ ಆಟಗಳನ್ನು ಅದೇ ಸಾಲಿಗೆ ಸೇರಿಸಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು, ಕುಶಲತೆಯೋ ಅದೃಷ್ಟವೋ ಎಂದು ನೋಡದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಈ ಹುಡುಗ ಕುಶಲನಲ್ಲವೆಂದು ನಾವು ಹೇಳಲಾರೆವು; ಲೆಕ್ಕ ಕಲಿಸಿದವರೇ ನಾವು. ಕುಶಲತೆಯಿದ್ದುದರಿಂದಲೇ ಮುಂದಿನ ಕೈಯಲ್ಲಿ ಎಲ್ಲವನ್ನೂ ಮರಳಿ ಪಡೆಯುವೆನೆಂದು ನಂಬಿದ.

ವಾಚನಾಲಯದ ಆಟಕ್ಕೆ ಸಂಜೆಯೆಂಬ ಎಲ್ಲೆಯಿತ್ತು, ಇನ್ನೂರು ರೂಪಾಯಿಯೆಂಬ ಎಲ್ಲೆಯಿತ್ತು, ಎದುರಿಗೆ ಕುಳಿತು "ಭಾವಾ, ಸಾಕು" ಎನ್ನುವ ಬಂಧುವಿದ್ದ. ಹಾಸಿಗೆಯಲ್ಲಿ ಹೊದಿಕೆಯೊಳಗೆ ಆಡುವವನಿಗೆ ಇವು ಮೂರೂ ಇರಲಿಲ್ಲ. ನಮ್ಮ ಬೋಧನೆಯೂ ಅವನಿಗೆ ನೆರವಾಗಲಿಲ್ಲ; ಆಡಬೇಡವೆಂದಿದ್ದೆವೇ ಹೊರತು, ಆಡಿ ಸೋತರೆ ಬಂದು ಹೇಳು ಎಂದು ಒಮ್ಮೆಯೂ ಹೇಳಿರಲಿಲ್ಲ.

ಮರುವಾರ ಅವನೊಡನೆ ಅವನ ಮನೆಗೆ ಹೋದೆವು. ತಂದೆ ಕೈಯೆತ್ತಿದರು, ತಡೆದೆವು. ಹೆಂಡತಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತಾನೇ ಒಂದು ಹಾಳೆ ತಂದು, "ಯಾರ್ಯಾರಿಗೆ ಎಷ್ಟೆಷ್ಟು, ಬರೆಯಿರಿ" ಎಂದಳು. ಸಂಬಳ ಈಗ ಅವಳ ಕೈಗೆ ಬರುತ್ತಿದೆ. ಬಳೆ ಇನ್ನೂ ಅಡವಿನಲ್ಲಿಯೇ ಇದೆ.

ತಾಯಂದಿರೇ, ತಂದೆಯಂದಿರೇ, ಮನೆಯಲ್ಲಿ ಯಾರಾದರೂ ಇಂಥ ಸೋಲನ್ನು ಹೇಳಿಕೊಂಡರೆ ಮೊದಲು ಕೇಳಿರಿ. ಗದರುವುದಕ್ಕೆ ಆಮೇಲೆ ಬೇಕಾದಷ್ಟು ಕಾಲವಿದೆ. ಮನಸ್ಸು ಕುಗ್ಗಿದವರಿಗಾಗಿ 14416 ಎಂಬ ಸಂಖ್ಯೆಯಲ್ಲಿ ಸರಕಾರದ ಟೆಲಿ-ಮಾನಸ್ ಸೇವೆ ಉಚಿತವಾಗಿ ದೊರೆಯುತ್ತದೆ. ತಮಿಳಿನಲ್ಲೂ ಕನ್ನಡದಲ್ಲೂ ಮಾತನಾಡಬಹುದು.

ಆ ಕ್ಲಿಪ್ಪನ್ನು ನಾವು ಹಿಂದಿರುಗಿಸಲಿಲ್ಲ. ಶಾಲೆಯ ಮೇಜಿನ ಮೇಲೆ ರಜಾಚೀಟಿಗಳನ್ನು ಹಿಡಿದುಕೊಂಡು ಕುಳಿತಿದೆ. ಏನಿದೆಂದು ಕೇಳಿದ ಮಕ್ಕಳಿಗೆ ಈಗ ಕಥೆಯನ್ನು ಪೂರ್ತಿಯಾಗಿ ಹೇಳುತ್ತಿದ್ದೇವೆ.